ಬಣ್ಣಗಳನ್ನು ಹೊತ್ತು ಸೆರೆಗೆ ನಡೆದವಳು

1942ನೆಯ ಇಸವಿಯ ಡಿಸೆಂಬರ್ ತಿಂಗಳು. ಝೆಕ್ ನಾಡಿನ ಹ್ರೊನೊವ್ ಎಂಬ ಸಣ್ಣ ಊರಿನಲ್ಲಿ ವಾಸವಾಗಿದ್ದ ಯೆಹೂದಿ ದಂಪತಿಗಳಿಗೆ ನಾಜಿ ಅಧಿಕಾರಿಗಳಿಂದ ಆಜ್ಞೆ ಬಂದಿತು: ಮನೆಮಾರು ಬಿಟ್ಟು ಟೆರೆಜಿನ್ ಪಟ್ಟಣಕ್ಕೆ ಹೊರಡತಕ್ಕದ್ದು, ತಲೆಗೆ 50 ಕಿಲೋಗ್ರಾಂಗಿಂತ ಹೆಚ್ಚು ಸಾಮಾನು ಒಯ್ಯಕೂಡದು. ಇಂಥ ಹೊತ್ತಿನಲ್ಲಿ ಯಾರೇ ಆಗಲಿ ಏನನ್ನು ಕಟ್ಟಿಕೊಂಡಾರು? ಚಳಿಗೆ ಕಂಬಳಿ, ಉಣ್ಣೆಯ ಉಡುಪು, ಕೆಡದೆ ಉಳಿಯುವ ತಿನಿಸು. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ನಲವತ್ತನಾಲ್ಕು ವರ್ಷದ ಆ ಹೆಂಗಸಾದರೋ ಕಾಗದ, ಬಣ್ಣ, ಪೆನ್ಸಿಲುಗಳನ್ನು ಆರಿಸಿ ಆರಿಸಿ ತುಂಬತೊಡಗಿದಳು. ಹಾಸಿಗೆಯ ಹೊದಿಕೆಗಳಿಗೂ ಬಣ್ಣ ಹಾಕಿದಳು. ಹಸಿರು ಹೊದಿಕೆಯನ್ನು ಇಳಿಬಿಟ್ಟರೆ ಮಕ್ಕಳ ನಾಟಕದಲ್ಲಿ ಅದೇ ಅರಣ್ಯವಾಗುವುದಲ್ಲವೆ! ಆಕೆಗೆ ಸ್ವಂತ ಮಕ್ಕಳಿರಲಿಲ್ಲ.

ಫ್ರೀಡ್ಲ್ ಹುಟ್ಟಿದ್ದು 1898ರಲ್ಲಿ, ವಿಯೆನ್ನಾ ನಗರದಲ್ಲಿ. ನಾಲ್ಕನೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡಳು. ತಂದೆ ಕಾಗದ, ಲೇಖನಸಾಮಗ್ರಿಗಳ ಅಂಗಡಿಯಲ್ಲಿ ನೌಕರ. ತಾಯಿಯಿಲ್ಲದ ತಬ್ಬಲಿಗೆ ಅಲ್ಲಿನ ಬಣ್ಣದ ಕಡ್ಡಿಗಳೇ ಒಡನಾಡಿಗಳಾದವು. ಮುಂದೆ ಯೋಹಾನೆಸ್ ಇಟ್ಟನ್ ಎಂಬ ಗುರುವಿನಲ್ಲಿ ಶಿಷ್ಯತ್ವ ವಹಿಸಿ, 1919ರಲ್ಲಿ ಅವನನ್ನು ಹಿಂಬಾಲಿಸಿ ವೈಮಾರ್ ನಗರದ ಸುಪ್ರಸಿದ್ಧ ಬೌಹೌಸ್ ಕಲಾಶಾಲೆಯನ್ನು ಸೇರಿದಳು. ಚಿತ್ರ, ನೇಯ್ಗೆ, ರಂಗಸಜ್ಜಿಕೆ, ಪೀಠೋಪಕರಣ—ಆಕೆ ಕೈಯಾಡಿಸದ ಕಲೆಯಿರಲಿಲ್ಲ. ಕಮ್ಯೂನಿಸ್ಟಳೆಂಬ ಕಾರಣಕ್ಕೆ 1934ರಲ್ಲಿ ವಿಯೆನ್ನಾದಲ್ಲಿ ಬಂಧನಕ್ಕೊಳಗಾಗಿ, ಬಿಡುಗಡೆಯಾದ ಮೇಲೆ ಪ್ರಾಗ್ ನಗರಕ್ಕೆ ಬಂದು, ಹಿಟ್ಲರನ ಜರ್ಮನಿಯಿಂದ ಓಡಿಬಂದವರ ಮಕ್ಕಳಿಗೆ ಚಿತ್ರ ಕಲಿಸತೊಡಗಿದಳು. 1936ರಲ್ಲಿ ಬಂಧುವೇ ಆದ ಪಾವೆಲ್ ಬ್ರಾಂಡೈಸನ ಕೈ ಹಿಡಿದಳು. ಪ್ಯಾಲೆಸ್ಟೈನಿಗೆ ತೆರಳಲು ಅನುಮತಿಪತ್ರ ದೊರೆತಿದ್ದರೂ ಗಂಡನನ್ನು ಬಿಟ್ಟು ಆಕೆ ಹೊರಡಲಿಲ್ಲ.

ಪ್ರಾಗ್‌ಗೆ ಉತ್ತರದಲ್ಲಿ ಸುಮಾರು 60 ಕಿಲೋಮೀಟರ್ ದೂರದ ಟೆರೆಜಿನ್, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ತನ್ನ ತಾಯಿ ಮರಿಯಾ ತೆರೇಸಾಳ ಹೆಸರಿನಲ್ಲಿ ಕಟ್ಟಿಸಿದ ಕೋಟೆಯ ಪಟ್ಟಣ. 1941ರ ನವೆಂಬರಿನಿಂದ ನಾಜಿಗಳು ಅದನ್ನು ಯೆಹೂದ್ಯರ ದೊಡ್ಡಿಯನ್ನಾಗಿ ಮಾಡಿದರು. ಯುದ್ಧ ಮುಗಿಯುವುದರೊಳಗೆ ಸುಮಾರು 1,40,000 ಮಂದಿಯನ್ನು ಅಲ್ಲಿಗೆ ತಂದು ತುಂಬಿದರು. ಹಸಿವು, ರೋಗಗಳಿಂದ ಅಲ್ಲಿಯೇ ಸತ್ತವರು 33,000ದಷ್ಟು. ಪೂರ್ವದಿಕ್ಕಿನ ಹತ್ಯಾಶಿಬಿರಗಳಿಗೆ ರೈಲು ಹತ್ತಿದವರು 88,000ದಷ್ಟು. ತಾಯ್ತಂದೆಗಳಿಂದ ಅಗಲಿಸಲ್ಪಟ್ಟ ಮಕ್ಕಳಲ್ಲಿ ಅನೇಕರನ್ನು ಪ್ರತ್ಯೇಕ ನಿವಾಸಗಳಲ್ಲಿ, ಮೂರಂತಸ್ತಿನ ಮರದ ಮಂಚಗಳ ಮೇಲೆ ಒತ್ತೊತ್ತಾಗಿ ಮಲಗಿಸುತ್ತಿದ್ದರು. ಪಾಠ ಹೇಳುವುದು ನಿಷಿದ್ಧ. ಆದರೆ ಹಾಡು, ಕೈಕೆಲಸ, ಚಿತ್ರ ಬರೆಯುವುದು—ಇವಕ್ಕೆ ಅಡ್ಡಿಯಿರಲಿಲ್ಲ. ಚಿತ್ರ ಬರೆಯುವ ಮಗುವಿನಿಂದ ರಾಜ್ಯಕ್ಕೆ ಏನು ಅಪಾಯವೆಂದು ಅಧಿಕಾರಿಗಳು ಎಣಿಸಿರಬೇಕು!

ಆ ಸಂದಿಯಲ್ಲಿಯೇ ಫ್ರೀಡ್ಲ್ ತನ್ನ ಶಾಲೆಯನ್ನು ತೆರೆದಳು. ಆಕೆಯ ಪದ್ಧತಿ ವಿಲಕ್ಷಣವಾದುದು. ಮಕ್ಕಳು ಬಂದು ಕುಳಿತೊಡನೆ ಇದನ್ನು ಬರೆಯಿರಿ, ಅದನ್ನು ಬರೆಯಿರಿ ಎನ್ನುತ್ತಿರಲಿಲ್ಲ. ಮೊದಲು ತಾಳ, ತಾಳಕ್ಕೆ ಸರಿಯಾಗಿ ಕಾಗದದ ಮೇಲೆ ಕೈ ಓಡಬೇಕು. ಗೆರೆ ಏನಾದರೂ ಆಗಲಿ, ಬಿಗಿದುಕೊಂಡ ಬೆರಳು ಸಡಿಲವಾಗಬೇಕು, ಉಸಿರು ನೇರವಾಗಬೇಕು. ಭಯಗೊಂಡ ಮಗುವಿನ ಮನಸ್ಸಿಗಿಂತ ಮೊದಲು ಅದರ ಮೈ ಮುದುಡಿರುತ್ತದೆಂಬುದನ್ನು ಅವಳು ಬಲ್ಲಳು. ಆಮೇಲೆ ಒಂದು ಕಥೆ, ಒಂದು ಹೂಜಿ, ಇಲ್ಲವೆ ಹಿಂದಿನ ಮಹಾಚಿತ್ರಕಾರರ ಒಂದು ಕೃತಿ. ಕಾಗದ ಮುಗಿದರೆ ಕಚೇರಿಗಳ ಹಳೆಯ ನಮೂನೆಗಳ ಹಿಂಬದಿ. ಬಣ್ಣ ಮುಗಿದರೆ ಬಣ್ಣದ ಚೂರುಕಾಗದಗಳನ್ನು ಕತ್ತರಿಸಿ ಅಂಟಿಸಿದ ಚಿತ್ತಾರ. ಚಿತ್ರದ ಮೇಲೆ ಬರೆದವರು ತಮ್ಮ ಹೆಸರನ್ನು ಕಾಣಿಸಬೇಕು. ಶಿಬಿರದ ಲೆಕ್ಕದಲ್ಲಿ ಆ ಮಕ್ಕಳಿಗೆ ಬರಿಯ ಸಂಖ್ಯೆಯಿತ್ತು.

ಮಕ್ಕಳು ಏನನ್ನು ಬರೆದರು? ಬೇಲಿಯಾಚೆಯ ಹುಲ್ಲುಗಾವಲು, ಹೂವು, ಚಿಟ್ಟೆ. ಪರದೆ ಇಳಿಬಿಟ್ಟ ಕಿಟಕಿ, ದೀಪದ ಕೆಳಗೊಂದು ಊಟದ ಮೇಜು. ಮೂರಂತಸ್ತಿನ ಮಂಚಗಳೂ, ಗಂಜಿಗಾಗಿ ನಿಂತ ಸಾಲೂ, ಕಾವಲುಗಾರರೂ ಇಲ್ಲದಿಲ್ಲ. ಆದರೆ ಮನೆಯ ಚಿತ್ರಗಳೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಇದನ್ನು ವಾಸ್ತವದಿಂದ ಪಲಾಯನವೆಂದು ಹೇಳುವುದು ಸುಲಭ. ಆದರೆ ಮನೆ ಕಳೆದುಕೊಂಡ ಮಗು ತನ್ನ ಮನೆಯ ಕಿಟಕಿಗೆ ಯಾವ ಬಣ್ಣದ ಪರದೆಯಿತ್ತೆಂದು ನೆನೆದು ನೆನೆದು ತುಂಬುವಾಗ, ಮರೆಯುತ್ತಿದೆಯೋ, ಉಳಿಸಿಕೊಳ್ಳುತ್ತಿದೆಯೋ? ಬಾಯಿಬಿಟ್ಟು ಅಳಲಾರದ ಅಗಲಿಕೆಗೆ ಅಲ್ಲೊಂದು ಆಕಾರ ದೊರೆಯುತ್ತದೆ. ಆಕಾರ ದೊರೆತ ದುಃಖವನ್ನು ಎದುರಿಗಿಟ್ಟು ನೋಡಬಹುದು, ಪಕ್ಕದವಳಿಗೆ ತೋರಿಸಬಹುದು, ಬೇಡವಾದರೆ ಮಡಿಸಿಡಬಹುದು.

1943ರಲ್ಲಿ ಶಿಬಿರದ ಶಿಕ್ಷಕರೆದುರಿಗೆ ಫ್ರೀಡ್ಲ್ ಮಕ್ಕಳ ಚಿತ್ರಕಲೆಯನ್ನು ಕುರಿತು ಉಪನ್ಯಾಸ ಮಾಡಿದಳು. ಎಲ್ಲ ಮಕ್ಕಳನ್ನೂ ಕಲಾವಿದರನ್ನಾಗಿ ಮಾಡುವುದು ತನ್ನ ಗುರಿಯಲ್ಲ. ಅವರೊಳಗಿನ ಸೃಷ್ಟಿಶಕ್ತಿಯ ಊಟೆಯನ್ನು ತೆರೆಯುವುದಷ್ಟೇ ಗುರಿ. ದೊಡ್ಡವರು ಅವಸರಪಟ್ಟು ತಮ್ಮ ಅಭಿರುಚಿಯನ್ನು ಮಕ್ಕಳ ಮೇಲೆ ಹೇರಬಾರದು ಎಂಬುದು ಅದರ ತಾತ್ಪರ್ಯ. ನಮ್ಮ ಮನೆಗಳಲ್ಲಿ ಮಗು ನೀಲಿಬಣ್ಣದ ಆನೆಯನ್ನು ಬರೆದರೆ, ಪಕ್ಕದಲ್ಲಿ ಕುಳಿತ ಚಿಕ್ಕಪ್ಪನೋ ಸೋದರತ್ತೆಯೋ ಪೆನ್ಸಿಲನ್ನು ಕಿತ್ತುಕೊಂಡು ಸೊಂಡಿಲನ್ನು ತಿದ್ದಿಬಿಡುವುದುಂಟಷ್ಟೆ! ಆನೆ ಸರಿಹೋಗುತ್ತದೆ, ಆದರೆ ಅದು ಮಗುವಿನ ಆನೆಯಾಗಿ ಉಳಿಯುವುದಿಲ್ಲ.

1944ರ ಸೆಪ್ಟೆಂಬರ್ 28ರಂದು ಪಾವೆಲನನ್ನು ರೈಲಿಗೆ ಏರಿಸಿದರು. ಆತನನ್ನು ಸೇರಿಕೊಳ್ಳುವ ಆಸೆಯಿಂದ ಫ್ರೀಡ್ಲ್ ತಾನಾಗಿಯೇ ಮುಂದಿನ ತಂಡಕ್ಕೆ ಹೆಸರು ಕೊಟ್ಟು ಅಕ್ಟೋಬರ್ 6ರಂದು ಹೊರಟಳು. ಹೊರಡುವ ಮುನ್ನ ಮಕ್ಕಳ ಚಿತ್ರಗಳನ್ನು ಎರಡು ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದಳು. ಅಕ್ಟೋಬರ್ 9ರಂದು ಆಷ್‌ವಿಟ್ಜ್ ಶಿಬಿರದಲ್ಲಿ ಆಕೆಯನ್ನು ಕೊಂದರು. ಶಿಷ್ಯೆಯರಲ್ಲಿಯೂ ಶಿಷ್ಯರಲ್ಲಿಯೂ ಬಹುಪಾಲು ಮಂದಿಗೆ ಅದೇ ಗತಿಯಾಯಿತು. ವಿಧಿಯ ವಿಪರ್ಯಾಸವೆಂದರೆ ಪಾವೆಲ್ ಬದುಕಿ ಉಳಿದನು.

ಹಾಗಾದರೆ ಬಣ್ಣಗಳು ಯಾರನ್ನು ಉಳಿಸಿದವು? ಯಾರನ್ನೂ ಇಲ್ಲ. ಇದನ್ನು ಮುಚ್ಚಿಟ್ಟು ಕಲೆಯ ಮಹಿಮೆಯನ್ನು ಹೊಗಳುವುದು ಸತ್ತವರಿಗೆ ಮಾಡುವ ಅಪಚಾರ. ಆ ಮಕ್ಕಳ ಪಾಲಿಗೆ ಉಳಿದಿದ್ದ ಕೆಲವೇ ತಿಂಗಳುಗಳಲ್ಲಿ ವಾರವಾರವೂ ಒಂದಿಷ್ಟು ಹೊತ್ತು ಅವರು ಕೈದಿಗಳಾಗಿರಲಿಲ್ಲ, ಅಷ್ಟೆ. ಅದರ ಬೆಲೆಯನ್ನು ಕಟ್ಟುವುದು ಬದುಕಿರುವವರಿಗೆ ಸಾಧ್ಯವಿಲ್ಲ.

ಬಾಲಿಕಾನಿವಾಸದ ಹೊಣೆ ಹೊತ್ತಿದ್ದ ವಿಲ್ಲಿ ಗ್ರೋಗ್ 1945ರ ಆಗಸ್ಟಿನಲ್ಲಿ ಆ ಎರಡು ಪೆಟ್ಟಿಗೆಗಳನ್ನು ಪ್ರಾಗ್‌ಗೆ ತಂದು ಯೆಹೂದಿ ಸಮಾಜಕ್ಕೆ ಒಪ್ಪಿಸಿದನು. ಒಳಗೆ ಸುಮಾರು 4,500 ಚಿತ್ರಗಳಿದ್ದವು! ಇಂದು ಅವು ಪ್ರಾಗ್‌ನ ಯೆಹೂದಿ ವಸ್ತುಸಂಗ್ರಹಾಲಯದ ಆಸ್ತಿ.

ಇತ್ತ ಅವಳ ವಿದ್ಯೆ ಬೇರೊಂದು ದಾರಿಯಿಂದ ಸಾಗರವನ್ನು ದಾಟಿತ್ತು. ಪ್ರಾಗ್‌ನಲ್ಲಿ ನಿರಾಶ್ರಿತರ ಮಕ್ಕಳಿಗೆ ಕಲಿಸುವಾಗ ನೆರವಾಗುತ್ತಿದ್ದ ಎಡಿತ್ ಕ್ರಾಮರ್ ಎಂಬ ತರುಣಿ 1938ರಲ್ಲಿ ಅಮೆರಿಕೆಗೆ ಹೋದಳು. 1950ರಿಂದ ಏಳು ವರ್ಷ ನ್ಯೂಯಾರ್ಕ್ ಪ್ರಾಂತದ ವಿಲ್ಟ್‌ವಿಕ್ ಶಾಲೆಯಲ್ಲಿ, ದಾರಿ ತಪ್ಪಿದವರೆಂದು ಹೆಸರು ಹೊತ್ತ ಬಡ ಹುಡುಗರ ಕೈಗೆ ಕುಂಚ ಕೊಟ್ಟು, ಆ ಅನುಭವವನ್ನು 1958ರಲ್ಲಿ ಗ್ರಂಥವಾಗಿ ಬರೆದಳು. ‘ಕಲಾಚಿಕಿತ್ಸೆ’ ಎಂಬ ಮಾತನ್ನು ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್ 1942ರಲ್ಲಿಯೇ ಬಳಕೆಗೆ ತಂದಿದ್ದನು. ಕ್ಷಯರೋಗದಿಂದ ಆರೋಗ್ಯಧಾಮದಲ್ಲಿ ಮಲಗಿದ್ದಾಗ ಚಿತ್ರ ಬರೆದೇ ಆತ ಬೇಸರವನ್ನು ಗೆದ್ದಿದ್ದನು. ಅಮೆರಿಕೆಯ ಮಾರ್ಗರೆಟ್ ನೌಂಬರ್ಗ್ ಚಿತ್ರವನ್ನು ಒಳಮನಸ್ಸಿನ ಭಾಷೆಯೆಂದು ಬಗೆದು, ಅದನ್ನು ಕುರಿತು ರೋಗಿಯೊಡನೆ ಮಾತಾಡುವುದಕ್ಕೆ ಪ್ರಾಧಾನ್ಯ ಕೊಟ್ಟಳು. ಕ್ರಾಮರಳ ನಿಲುವು ಬೇರೆ: ಗುಣ ಮಾಡುವುದು ವ್ಯಾಖ್ಯಾನವಲ್ಲ, ಚಿತ್ರ ಬರೆಯುವ ಕ್ರಿಯೆಯೇ. ಕಪ್ಪು ಬಳಿದರೆ ಶೋಕ, ಕೆಂಪು ಬಳಿದರೆ ಕೋಪ ಎಂದು ಜಾತಕ ನೋಡಿದಂತೆ ಮಕ್ಕಳ ಚಿತ್ರಕ್ಕೆ ಫಲ ಹೇಳುವವರು ಈಕೆಯ ಮಾತನ್ನು ಗಮನಿಸಬೇಕು.

ಚಿಕಿತ್ಸಕಿಯ ಕೆಲಸವನ್ನು ಕ್ರಾಮರ್ ‘ಮೂರನೆಯ ಕೈ’ ಎಂದು ಕರೆದಳು. ಮಗುವಿನ ಎರಡು ಕೈ ಸೋತಲ್ಲಿ ಅದು ಒದಗಬೇಕು: ಬಣ್ಣ ಕಲಸಿಕೊಡಲು, ಬೀಳುತ್ತಿರುವ ಜೇಡಿಮಣ್ಣಿನ ಬೊಂಬೆಯನ್ನು ಆತುಕೊಳ್ಳಲು. ಚಿತ್ರದಲ್ಲಿ ಮಾತ್ರ ಆ ಕೈಯ ಗುರುತು ಉಳಿಯಕೂಡದು. ವಿಯೆನ್ನಾದಲ್ಲಿ ಬಾಲಕಿಯಾಗಿದ್ದಾಗ ತನಗೆ ಕುಂಚ ಹಿಡಿಯಲು ಕಲಿಸಿದ ಗುರುವನ್ನು ಆಕೆ 2014ರಲ್ಲಿ, ತೊಂಬತ್ತೇಳರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಮರೆಯಲಿಲ್ಲ.