ಶಸ್ತ್ರಚಿಕಿತ್ಸೆಯ ನಂತರ ಸಾಕುಮೊಲದ ಆರೈಕೆ

ಸಂತಾನಹರಣ, ಹಲ್ಲಿನ ಚಿಕಿತ್ಸೆ, ಬಾವು ತೆಗೆಯುವಿಕೆ ಮುಂತಾದ ಶಸ್ತ್ರಕ್ರಿಯೆಗೆ ಒಳಗಾದ ಸಾಕುಮೊಲವು ಪಶುವೈದ್ಯಾಲಯದಿಂದ ಮರಳಿದ ಮೇಲೆ ಮನೆಯಲ್ಲಿ ನೀಡುವ ಶುಶ್ರೂಷೆಯನ್ನು ಈ ಲೇಖನ ವಿವರಿಸುತ್ತದೆ. ಮನೆಗಳಲ್ಲಿ ಸಾಕುವ ಮೊಲಗಳು ಯುರೋಪಿನ ಮೊಲದ (ಒರಿಕ್ಟೊಲೇಗಸ್ ಕ್ಯುನಿಕ್ಯುಲಸ್) ಪಳಗಿದ ತಳಿಗಳು. ಭಾರತದ ಬಯಲುಗಳಲ್ಲಿ ಕಾಣುವ ಕಾಡುಮೊಲ (ಲೀಪಸ್ ನೈಗ್ರಿಕೊಲಿಸ್) ಬೇರೆಯೇ ಕುಲಕ್ಕೆ ಸೇರಿದುದು. ಶಸ್ತ್ರಚಿಕಿತ್ಸೆಯಾದ ದಿನ ನಾಯಿಯೋ ಬೆಕ್ಕೋ ಊಟ ಬಿಟ್ಟರೆ ಸಾಮಾನ್ಯವಾಗಿ ಆತಂಕಕ್ಕೆ ಕಾರಣವಿಲ್ಲ. ಮೊಲದ ವಿಷಯದಲ್ಲಿ ಹಾಗಲ್ಲ. ಗಾಯ ಚೆನ್ನಾಗಿ ಮಾಯುತ್ತಿದ್ದರೂ, ಮೇವು ಬಿಟ್ಟ ಕಾರಣದಿಂದಲೇ ಮೊಲವು ಒಂದೆರಡು ದಿನಗಳಲ್ಲಿ ಸಾವಿಗೀಡಾಗಬಹುದು.

ಮೇವು ನಿಲ್ಲಬಾರದೇಕೆ

ಮೊಲದ ಜೀರ್ಣಕ್ರಿಯೆಯ ಮುಖ್ಯ ಭಾಗ ನಡೆಯುವುದು ಜಠರದಲ್ಲಲ್ಲ, ಕುರುಡುಗರುಳಿನಲ್ಲಿ. ಅಲ್ಲಿನ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿಸಿ ಪೋಷಕಾಂಶಗಳನ್ನು ಉಂಟುಮಾಡುತ್ತವೆ. ಹೀಗೆ ಸಿದ್ಧವಾದ ಮೃದುವಾದ ಹಿಕ್ಕೆಯನ್ನು ಮೊಲವು ಗುದದ್ವಾರದಿಂದ ನೇರವಾಗಿ ಬಾಯಿಗೆ ತೆಗೆದುಕೊಂಡು ಮತ್ತೆ ತಿನ್ನುತ್ತದೆ. ಇದು ರೋಗವಲ್ಲ, ಅದರ ಸಹಜ ಪದ್ಧತಿ. ಈ ವ್ಯವಸ್ಥೆಯು ನಾರು ಸತತವಾಗಿ ಒಳಬರುತ್ತಿದ್ದರೆ ಮಾತ್ರ ನಡೆಯುತ್ತದೆ. ನೋವು, ಭಯ, ಅರಿವಳಿಕೆ ಇವುಗಳಲ್ಲಿ ಯಾವುದರಿಂದ ಮೇವು ನಿಂತರೂ ಕರುಳಿನ ಚಲನೆ ನಿಧಾನಗೊಳ್ಳುತ್ತದೆ, ಒಳಗಿರುವುದು ಗಟ್ಟಿಯಾಗುತ್ತದೆ, ವಾಯು ತುಂಬುತ್ತದೆ. ವಾಯುವಿನಿಂದ ನೋವು ಹೆಚ್ಚಿ, ನೋವಿನಿಂದ ಮೇವು ಇನ್ನಷ್ಟು ಕಡಿಮೆಯಾಗುತ್ತದೆ. ಈ ಸ್ಥಿತಿಗೆ ಕರುಳಿನ ಸ್ತಬ್ಧತೆ ಎಂದು ಹೆಸರು. ದೀರ್ಘ ಉಪವಾಸದಲ್ಲಿ ಯಕೃತ್ತಿಗೆ ಕೊಬ್ಬು ಸೇರಿ ಅದೂ ಕೆಡುತ್ತದೆ.

ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ. ಆದುದರಿಂದ ಇತರ ಪ್ರಾಣಿಗಳಂತೆ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯಿಂದ ಅದನ್ನು ಉಪವಾಸ ಇರಿಸುವ ಅಗತ್ಯವೂ ಇಲ್ಲ, ಇರಿಸುವುದು ಹಾನಿಕರವೂ ಹೌದು. ಮನೆಗೆ ಬಂದ ಮೊಲವು ಕೆಲವೇ ಗಂಟೆಗಳಲ್ಲಿ ಹುಲ್ಲಿಗೆ ಬಾಯಿ ಹಾಕಬೇಕು. 12 ಗಂಟೆ ಏನನ್ನೂ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ ಅದನ್ನು ತುರ್ತು ಪರಿಸ್ಥಿತಿ ಎಂದೇ ಪರಿಗಣಿಸಿ ವೈದ್ಯರನ್ನು ಕಾಣಬೇಕು. ಬೆಳಗಾಗಲಿ ಎಂದು ಕಾಯುವುದು ಅಪಾಯಕರ. ಹಿಕ್ಕೆಯನ್ನು ಎಣಿಸಿ ಗಾತ್ರ ನೋಡುವುದು ಮನೆಯಲ್ಲಿ ಸಾಧ್ಯವಿರುವ ಅತ್ಯುತ್ತಮ ಪರೀಕ್ಷೆ. ಸಣ್ಣ, ಒಣಗಿದ, ಕೂದಲಿನಿಂದ ಒಂದಕ್ಕೊಂದು ಪೋಣಿಸಿದಂತಿರುವ ಹಿಕ್ಕೆಗಳು ಕರುಳು ನಿಧಾನವಾಗಿರುವುದನ್ನು ಸೂಚಿಸುತ್ತವೆ.

ಉಣಿಸುವ ವಿಧಾನ

ಮೊದಲು ಒಣಹುಲ್ಲು, ಎಳೆಯ ಗರಿಕೆ, ಕೊತ್ತಂಬರಿ, ಪುದೀನ ಮುಂತಾದ ಪರಿಮಳದ ಸೊಪ್ಪುಗಳನ್ನು ಮುಂದಿಟ್ಟು ನೋಡಬೇಕು. ಗಜ್ಜರಿ ಮೊಲದ ಪ್ರಧಾನ ಆಹಾರವೆಂಬುದು ಚಿತ್ರಕಥೆಗಳಿಂದ ಹಬ್ಬಿದ ನಂಬಿಕೆ. ಸಕ್ಕರೆಯ ಅಂಶ ಹೆಚ್ಚಿರುವ ಗಡ್ಡೆ ಮತ್ತು ಹಣ್ಣುಗಳು ಈ ಹೊತ್ತಿನಲ್ಲಿ ಕರುಳಿಗೆ ಹಿತವಲ್ಲ. ಬ್ರೆಡ್, ಬಿಸ್ಕತ್ತು, ಅನ್ನಗಳನ್ನು ಕೊಡಬಾರದು.

ತಾನಾಗಿ ತಿನ್ನದಿದ್ದರೆ ವೈದ್ಯರ ಸಲಹೆಯಂತೆ ಸೂಜಿಯಿಲ್ಲದ ಸಿರಿಂಜಿನಿಂದ ಉಣಿಸಲಾಗುತ್ತದೆ. ಚೇತರಿಕೆಗೆಂದೇ ತಯಾರಾಗುವ ನಾರಿನ ಪುಡಿ ಸಿಗದಿದ್ದಲ್ಲಿ, ಮೊಲದ ಪೆಲೆಟ್ ಆಹಾರವನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ನುಣ್ಣಗೆ ಅರೆದು ಬಳಸಬಹುದು. ಮೊಲವನ್ನು ಟವೆಲಿನಲ್ಲಿ ಸುತ್ತಿ, ನಾಲ್ಕು ಕಾಲುಗಳ ಮೇಲೆ ಸಹಜವಾಗಿ ಕೂರಿಸಿ, ಬಾಚಿಹಲ್ಲುಗಳ ಹಿಂದೆ ಹಲ್ಲಿಲ್ಲದ ತೆರಪಿನಲ್ಲಿ ಪಕ್ಕದಿಂದ ಸಿರಿಂಜನ್ನು ತೂರಿಸಿ, ಸುಮಾರು 1 ಮಿಲಿಲೀಟರಿನಷ್ಟನ್ನು ಮಾತ್ರ ಬಿಟ್ಟು, ಅದು ಅಗಿದು ನುಂಗುವವರೆಗೆ ನಿಲ್ಲಬೇಕು. ಅಂಗಾತ ಮಲಗಿಸಿ ಕುಡಿಸಿದರೆ ಆಹಾರ ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಒಟ್ಟು ಎಷ್ಟು, ದಿನಕ್ಕೆ ಎಷ್ಟು ಸಲ ಎಂಬುದನ್ನು ದೇಹತೂಕ ನೋಡಿ ವೈದ್ಯರು ಹೇಳುತ್ತಾರೆ. ಹೊಟ್ಟೆ ಡೋಲಿನಂತೆ ಬಿಗಿದು ಉಬ್ಬಿದ್ದರೆ ಮಾತ್ರ ಬಲವಂತವಾಗಿ ಉಣಿಸಕೂಡದು. ಕರುಳಿನಲ್ಲಿ ತಡೆ ಉಂಟಾಗಿರಬಹುದು.

ನೋವನ್ನು ಗುರುತಿಸುವುದು

ಬೇಟೆಗೆ ಗುರಿಯಾಗುವ ಪ್ರಾಣಿಯಾದ ಮೊಲ ತನ್ನ ನೋವನ್ನು ಮರೆಮಾಚುತ್ತದೆ; ಕೂಗುವುದು ತೀರ ಅಪರೂಪ. ಮೂಲೆಯಲ್ಲಿ ಬೆನ್ನು ಬಾಗಿಸಿ ಕುಳಿತಿರುವುದು, ಹೊಟ್ಟೆಯನ್ನು ನೆಲಕ್ಕೆ ಒತ್ತುವುದು, ಹಲ್ಲು ಕಟಕಟನೆ ಕಡಿಯುವುದು ನೋವಿನ ಲಕ್ಷಣಗಳು. ತಲೆ ನೇವರಿಸಿದಾಗ ಹಲ್ಲುಗಳಿಂದ ಬರುವ ಮೆಲುವಾದ ಸದ್ದು ಇದಕ್ಕೆ ವಿರುದ್ಧವಾಗಿ ಸಂತೋಷದ್ದು. ಮೊಲದ ಮುಖಭಾವದಿಂದ ನೋವನ್ನು ಅಳೆಯುವ ಮಾನಕವೊಂದು 2012ರಲ್ಲಿ ಪ್ರಕಟವಾಯಿತು. ಕಣ್ಣು ಕಿರಿದಾಗುವುದು, ಕೆನ್ನೆ ಚಪ್ಪಟೆಯಾಗುವುದು, ಮೂಗಿನ ಹೊಳ್ಳೆಗಳ ಆಕಾರ, ಮೀಸೆಯ ಸ್ಥಿತಿ, ಕಿವಿಗಳ ಸ್ಥಿತಿ ಎಂಬ ಐದು ಅಂಶಗಳನ್ನು ಅದು ಆಧರಿಸಿದೆ.

ಔಷಧಗಳು

ನೋವು ನಿವಾರಣೆಗೆ ಮೆಲಾಕ್ಸಿಕಾಮ್ ಸಾಮಾನ್ಯವಾಗಿ ಬಳಕೆಯಲ್ಲಿದೆ. ಮೊಲ ಚುರುಕಾಗಿ ಕಂಡಿತೆಂದು ಅವಧಿಗೆ ಮುನ್ನವೇ ಅದನ್ನು ನಿಲ್ಲಿಸುವುದು ಮೇವು ಮತ್ತೆ ನಿಲ್ಲಲು ಕಾರಣವಾಗುತ್ತದೆ. ಹೆಚ್ಚಿನ ಅನಾಹುತ ಸಂಭವಿಸುವುದು ಮನೆಯಲ್ಲಿ ಉಳಿದಿರುವ ಮನುಷ್ಯರ ಮಾತ್ರೆಗಳಿಂದ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್ ಮತ್ತು ಲಿಂಕೊಮೈಸಿನ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಕುರುಡುಗರುಳಿನ ಉಪಯುಕ್ತ ಜೀವಿಗಳು ನಾಶವಾಗಿ, ಕ್ಲಾಸ್ಟ್ರಿಡಿಯಮ್ ಬ್ಯಾಕ್ಟೀರಿಯಾಗಳು ಹೆಚ್ಚಿ, ಅವುಗಳ ವಿಷದಿಂದ ಮೊಲ ಸಾಯಬಹುದು. ನಾಯಿಗಳ ಚಿಗಟಕ್ಕೆ ಹಚ್ಚುವ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷಕಾರಿ.

ಗಾಯ ಮತ್ತು ವಾಸಸ್ಥಳ

ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ದೇಹದ ಉಷ್ಣತೆ ಕುಗ್ಗಿರುವುದರಿಂದ ಮೊದಲ ರಾತ್ರಿ ಬೆಚ್ಚಗಿಡಬೇಕು. ಆದರೆ ಮೊಲಕ್ಕೆ ಚಳಿಗಿಂತ ಸೆಕೆ ಹೆಚ್ಚು ಅಪಾಯಕರ. ಕೋಣೆಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ತೊಂದರೆ ಆರಂಭವಾಗುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಇದು ದಿನನಿತ್ಯದ ಮಾತು. ಮರದ ಹೊಟ್ಟು ಗಾಯಕ್ಕೆ ಅಂಟಿಕೊಳ್ಳುವುದರಿಂದ ಹಾಸಿಗೆಗೆ ಒಗೆದ ಹತ್ತಿಬಟ್ಟೆ ಉತ್ತಮ. ಹತ್ತಿ ಏರುವ ಅಟ್ಟಣೆ, ಮೆಟ್ಟಿಲುಗಳು ಇರಬಾರದು. ಎತ್ತುವಾಗ ಹಿಂಗಾಲುಗಳಿಗೆ ಆಸರೆ ಕೊಡದಿದ್ದರೆ ಮೊಲ ಜೋರಾಗಿ ಒದ್ದು ತನ್ನ ಬೆನ್ನೆಲುಬನ್ನೇ ಮುರಿದುಕೊಳ್ಳಬಲ್ಲದು.

ಹೊಲಿಗೆಯನ್ನು ದಿನಕ್ಕೆ ಎರಡು ಬಾರಿ ನೋಡಬೇಕು. ಮೊಲದ ಕೀವು ನೀರಾಗಿ ಸೋರದೆ ಬೆಣ್ಣೆಯಂತೆ ಗಟ್ಟಿಯಾಗಿರುವುದರಿಂದ ನಂಜು ಬೇಗ ತಿಳಿಯುವುದಿಲ್ಲ. ಗಡುಸಾದ ಉಬ್ಬು ಕಂಡರೆ ವೈದ್ಯರಿಗೆ ತೋರಿಸಬೇಕು. ಕತ್ತಿಗೆ ಹಾಕುವ ಕೊರಳಪಟ್ಟಿ ಮೃದು ಹಿಕ್ಕೆಯನ್ನು ತಿನ್ನಲು ಅಡ್ಡಿಯಾಗುವುದರಿಂದ, ಹೊಲಿಗೆ ಕಚ್ಚುತ್ತಿದ್ದರೆ ಮಾತ್ರ ಅದರ ಬಳಕೆ ಸೂಕ್ತ. ಮಳೆಗಾಲದಲ್ಲಿ ಒದ್ದೆಯಾದ ಹಿಂಭಾಗಕ್ಕೆ ನೊಣ ಮೊಟ್ಟೆಯಿಟ್ಟು ಒಂದೇ ದಿನದಲ್ಲಿ ಹುಳು ಬೀಳುವ ಸಂಭವವಿದೆ.

ಜೊತೆಗಾರ ಮೊಲ

ಜೋಡಿಯಾಗಿ ಬೆಳೆದ ಮೊಲಗಳನ್ನು ಬಹುಕಾಲ ಅಗಲಿಸಿದರೆ ಮರಳಿ ಬಂದುದನ್ನು ಇನ್ನೊಂದು ಗುರುತಿಸದೆ ಕಚ್ಚುವುದುಂಟು. ಆಸ್ಪತ್ರೆಯ ವಾಸನೆ ಇದಕ್ಕೊಂದು ಕಾರಣ. ಸಾಧ್ಯವಿದ್ದರೆ ಎರಡನ್ನೂ ಒಟ್ಟಿಗೇ ಕರೆದೊಯ್ಯುವುದು ಅಥವಾ ಜಾಲರಿಯ ಆಚೀಚೆ ಕಾಣುವಂತೆ ಇರಿಸುವುದು ವಾಡಿಕೆ. ಸಂತಾನಹರಣವಾದ ಗಂಡುಮೊಲದಲ್ಲಿ ನಾಲ್ಕರಿಂದ ಆರು ವಾರಗಳವರೆಗೆ ವೀರ್ಯ ಉಳಿದಿರಬಹುದಾದ್ದರಿಂದ, ಸಂತಾನಹರಣವಾಗದ ಹೆಣ್ಣಿನೊಂದಿಗೆ ಅಷ್ಟು ಕಾಲ ಬಿಡಬಾರದು.