ನಡೆಯಲು ಚಿಂಚೋಳಿ ಕಾಡಿದೆ, ಹೋಗಲು ಬಸ್ಸಿದೆ

‘ದಿನಾ ನಡೆಯಿರಿ’ ಎಂದು ವೈದ್ಯರು ಹೇಳುತ್ತಾರೆ. ‘ಎಲ್ಲಿ ನಡೆಯೋದು?’ ಎಂದು ವಾಡಿ, ಶಹಾಬಾದಿನ ತಾಯಂದಿರು ಕೇಳುತ್ತಾರೆ. ರಸ್ತೆಯಲ್ಲಿ ಧೂಳು, ಲಾರಿಗಳ ಓಡಾಟ. ಹೀಗೆ ನಡಿಗೆ ನಿಲ್ಲುತ್ತದೆ, ಸಕ್ಕರೆ ಕಾಯಿಲೆ ಹತೋಟಿ ತಪ್ಪುತ್ತದೆ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮನೆಯ ಹತ್ತಿರ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ನಡೆದರೆ ಅಷ್ಟಾಯಿತು. ಆ ರೂಢಿಗೆ ಹುರುಪು ತುಂಬಲು ತಿಂಗಳಿಗೊಮ್ಮೆ ಚಿಂಚೋಳಿಗೆ ಹೋಗಿ ಬನ್ನಿ. 2011ರಲ್ಲಿ ವನ್ಯಜೀವಿಧಾಮವಾದ ಆ ಕಾಡಿನ ನಡುವೆ ಚಂದ್ರಂಪಳ್ಳಿ ಜಲಾಶಯವಿದೆ.

ವಾಡಿ, ಚಿತ್ತಾಪುರದವರು ರೈಲಿನಲ್ಲಿ ಸೇಡಂಗೆ ಬಂದು, ಅಲ್ಲಿಂದ ಚಿಂಚೋಳಿ ಬಸ್ ಹಿಡಿಯಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಉಚಿತ. ಗುರುತಿನ ಚೀಟಿ ಜೊತೆಗಿರಲಿ. ಜಲಾಶಯಕ್ಕೆ ಹೋಗುವ ವಾಹನ ಮತ್ತು ಮರಳುವ ಕೊನೆಯ ಬಸ್ಸಿನ ಸಮಯವನ್ನು ಚಿಂಚೋಳಿ ನಿಲ್ದಾಣದಲ್ಲೇ ವಿಚಾರಿಸಿಕೊಳ್ಳಿ.

ಅರಣ್ಯ ಇಲಾಖೆ ಬಿಟ್ಟ ದಾರಿಯಲ್ಲೇ, ಗುಂಪಾಗಿ ನಡೆಯಿರಿ. ಜಲಾಶಯದ ನೀರು ಕುಡಿಯಬೇಡಿ, ಅದರಲ್ಲಿ ಇಳಿಯಲೂ ಬೇಡಿ. ಕಾಯಿಸಿ ಆರಿಸಿದ ನೀರು ಒಯ್ಯಿರಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯದೆ, ಜೇಬಿನಲ್ಲಿ ಬೆಲ್ಲವೋ ಸಕ್ಕರೆಯೋ ಇಟ್ಟುಕೊಳ್ಳಲಿ. ಮನೆಗೆ ಬಂದು ಕಾಲು ತೊಳೆದು ಒರೆಸಿ, ಬೆರಳ ಸಂದುಗಳಲ್ಲಿ ಗಾಯವಿದೆಯೇ ನೋಡಿಕೊಳ್ಳಲಿ. ನಡೆಯುವಾಗ ಎದೆನೋವು, ಉಬ್ಬಸ ಬಂದರೆ ಕೂಡಲೇ ನಿಂತು, ವೈದ್ಯರ ಬಳಿ ಹೋಗಿ.

ಬಿಸಿಲೇರುವ ಮೊದಲೇ ನಡೆದು ಮುಗಿಸಿ. ಬುತ್ತಿ ಕಟ್ಟಿಕೊಳ್ಳಿ, ನೆರೆಮನೆಯವರನ್ನೂ ಕರೆಯಿರಿ.