ಜಾಲಪುಟದಲ್ಲಿ ಒತ್ತಕ್ಷರ

ಶ್ರೀನಿವಾಸಮೂರ್ತಿ ಎಂಬ ಹುಡುಗನ ಹೆಸರನ್ನು ಅರ್ಜಿಯ ಜಾಲಪುಟವೊಂದರಲ್ಲಿ ಕನ್ನಡದಲ್ಲಿ ತುಂಬಿದರೆಂದು ಇಟ್ಟುಕೊಳ್ಳಿ. ಅಚ್ಚಾಗಿ ಬಂದ ಕಾಗದದಲ್ಲಿ ‘ಶ್ರೀನಿವಾಸಮ’ ಎಂದಿದೆ. ಅದರ ಬೆನ್ನಿಗೆ ಕಪ್ಪು ಹರಳಿನಂಥ ಚೌಕದೊಳಗೆ ಒಂದು ಪ್ರಶ್ನಚಿಹ್ನೆ. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ತುಂಬಿದಾಗ ಒಂದಕ್ಷರವೂ ಲೋಪವಾಗಿಲ್ಲ. ಹೆಸರು ತಿದ್ದಿಸಲು ನಾಲ್ಕು ಕಡೆ ಅಲೆದ ಮೇಲೆ ಮನೆಯವರು, ಈ ಕೆಲಸಕ್ಕೆ ಕನ್ನಡ ಒಗ್ಗುವುದಿಲ್ಲವೆಂದು ತೀರ್ಮಾನಿಸಿ ಇಂಗ್ಲಿಷಿಗೇ ಹೋಗಿಬಿಡುತ್ತಾರೆ. ದೋಷ ಕನ್ನಡದ್ದೂ ಅಲ್ಲ, ಯಂತ್ರದ್ದೂ ಅಲ್ಲ. ಪುಟ ಕಟ್ಟಿದವರು ಅಕ್ಷರವನ್ನು ಎಣಿಸಿದ ರೀತಿಯಲ್ಲಿ ದೋಷವಿದೆ. ಅದನ್ನು ಸರಿಪಡಿಸುವ ಸಾಲುಗಳು ಬಹಳ ಚಿಕ್ಕವು.

ಕಂಪ್ಯೂಟರಿಗೆ ತಿಳಿಯುವುದು ಅಂಕಿ ಮಾತ್ರ. ಒಂದೊಂದು ಲಿಪಿಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. ೧೯೯೧ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆಯಿತು. ೩೨೦೦ರಿಂದ ೩೩೨೭ರವರೆಗಿನ ೧೨೮ ಮನೆಗಳು ನಮ್ಮವು. ಕಕಾರದ ಸಂಖ್ಯೆ ೩೨೨೧. ಈ ಪಟ್ಟಿ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಶೈಲಿ ಇಲ್ಲದ ಯಂತ್ರದಲ್ಲಿ ಪುಟ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಇಂಗ್ಲಿಷ್ ಗೋಜಲು.

ಸಂಖ್ಯೆ ಗೊತ್ತಾದರೂ, ಬಂದ ಅಂಕಿಗಳನ್ನು ಯಾವ ಪದ್ಧತಿಯಲ್ಲಿ ಓದಬೇಕೆಂಬುದನ್ನು ಪುಟ ಮೊದಲೇ ಹೇಳಬೇಕು. ರೇಡಿಯೋದ ಮುಳ್ಳು ನಿಲಯದ ಸಂಖ್ಯೆಯ ಮೇಲೆ ನಿಲ್ಲದಿದ್ದರೆ ಸಂಗೀತದ ಬದಲು ಗೊರಗೊರ ಕೇಳಿಸುವುದಿಲ್ಲವೆ, ಇದೂ ಹಾಗೆಯೇ. ಪುಟದ ತಲೆಯಲ್ಲಿ ‘ಮೆಟಾ ಚಾರ್‌ಸೆಟ್ ಯುಟಿಎಫ್-೮’ ಎಂಬ ಒಂದು ಸಾಲು ಸಾಕು. ಅದರ ಮೇಲಿನ ಎಚ್‌ಟಿಎಂಎಲ್ ಎಂಬ ಮೊದಲ ಗುರುತಿನಲ್ಲೇ ‘ಲ್ಯಾಂಗ್’ ಎಂದು ಬರೆದು ಕನ್ನಡದ ಸಂಕೇತವಾದ ‘ಕೆ ಎನ್’ ಅನ್ನು ಸೇರಿಸಿದರೆ, ಪುಟವನ್ನು ಓದಿ ಹೇಳುವ ತಂತ್ರಾಂಶ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಬಲ್ಲದು. ಕಣ್ಣು ಕಾಣದವರಿಗೆ ಈ ಎರಡಕ್ಷರ ದೊಡ್ಡ ಉಪಕಾರ.

ಇನ್ನು ಎಣಿಕೆಯ ವಿಷಯ. ನಮ್ಮ ಬಡಾವಣೆಯ ಹೆಸರನ್ನೇ ತೆಗೆದುಕೊಳ್ಳೋಣ: ಶ್ರೀಗಂಧದ ಕಾವಲ್. ಪ್ರಾಥಮಿಕ ಶಾಲೆಯ ಮಗುವನ್ನು ಕೇಳಿದರೆ ಶ್ರೀ, ಗಂ, ಧ, ದ, ಕಾ, ವ, ಲ್ ಎಂದು ಏಳನ್ನು ಎಣಿಸುತ್ತದೆ. ಯಂತ್ರದ ಲೆಕ್ಕ ಬೇರೆ. ‘ಶ್ರೀ’ ಒಂದರಲ್ಲೇ ಶಕಾರ, ಹಲಂತ ಚಿಹ್ನೆ, ರಕಾರ, ಗುಡಿಸಿನ ದೀರ್ಘ ಎಂದು ನಾಲ್ಕು ಸಂಖ್ಯೆಗಳು. ಹೀಗೆ ಏಳು ಅಕ್ಷರಕ್ಕೆ ೧೩ ಸಂಖ್ಯೆ, ನಡುವಣ ಖಾಲಿ ಜಾಗ ಸೇರಿ ೧೪. ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಖ್ಯೆಗೂ ಮೂರು ಬೈಟ್ ಬೇಕು, ಖಾಲಿ ಜಾಗಕ್ಕೆ ಒಂದು. ಒಟ್ಟು ೪೦ ಬೈಟ್. ಒಂದೇ ಹೆಸರಿಗೆ ಏಳು, ಹದಿನಾಲ್ಕು, ನಲವತ್ತು ಎಂಬ ಮೂರು ಅಳತೆಗಳು. ಇಂಗ್ಲಿಷಿನಲ್ಲಿ ಈ ಮೂರೂ ಸಾಮಾನ್ಯವಾಗಿ ಒಂದೇ ಆದುದರಿಂದ, ಅದರಲ್ಲೇ ಪಳಗಿದ ಪುಟಕಾರರಿಗೆ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ.

ಆ ಹುಡುಗನ ಹೆಸರಿಗೆ ಒದಗಿದ ಗತಿ ಈಗ ತಿಳಿಯುತ್ತದೆ. ಶ್ರೀನಿವಾಸಮೂರ್ತಿ ಎಂಬುದು ಆರು ಅಕ್ಷರ, ೧೫ ಸಂಖ್ಯೆ, ೪೫ ಬೈಟ್. ಹೆಸರಿಗೆ ೩೨ ಬೈಟ್ ಜಾಗವಿಟ್ಟರೆ ಹತ್ತು ಸಂಖ್ಯೆಗಳಿಗೆ ೩೦ ಬೈಟ್ ಮುಗಿದು ‘ಶ್ರೀನಿವಾಸಮ’ ಆಗುತ್ತದೆ. ಉಳಿದ ಎರಡು ಬೈಟಿನಲ್ಲಿ ಕೊಂಬಿನ ದೀರ್ಘ ಪೂರ್ತಿ ಹಿಡಿಸದೆ ಪ್ರಶ್ನಚಿಹ್ನೆಯಾಗುತ್ತದೆ. ಪರಿಹಾರ ಮಾಹಿತಿಕೋಶದಲ್ಲಿದೆ. ಒರಾಕಲ್ ರೂಢಿಯಲ್ಲಿ ಬೈಟಿನಿಂದ ಅಳೆಯುತ್ತದೆ. ಅಳತೆಯ ಅಂಕಿಯ ಮುಂದೆ ‘ಚಾರ್’ ಎಂದು ಸೇರಿಸಿದರೆ ಸಂಖ್ಯೆಯಿಂದ ಅಳೆಯುತ್ತದೆ. ಅರ್ಜಿಯ ಪೆಟ್ಟಿಗೆಗೆ ಹಾಕುವ ‘ಮ್ಯಾಕ್ಸ್‌ಲೆಂಗ್ತ್’ ಎಂಬ ಮಿತಿ ಕೂಡ ಅಕ್ಷರವನ್ನಲ್ಲ, ಸಂಖ್ಯೆಯನ್ನೇ ಎಣಿಸುತ್ತದೆ. ಆದುದರಿಂದ ಕನ್ನಡದ ಹೆಸರಿಗೆ ಮಿತಿಯನ್ನು ಧಾರಾಳವಾಗಿಯೇ ಇಡಬೇಕು.

ಕೆಲವು ಕಡೆ ಕತ್ತರಿಸುವುದು ಅನಿವಾರ್ಯ. ಉದ್ದದ ತಲೆಬರಹವನ್ನು ಚಿಕ್ಕದು ಮಾಡಬೇಕಾಗುತ್ತದೆ. ಆಗ ಅಕ್ಷರದ ಗಡಿಯಲ್ಲೇ ಕತ್ತರಿ ಬೀಳಬೇಕು. ಜಾವಾಸ್ಕ್ರಿಪ್ಟಿನಲ್ಲಿ ಇದಕ್ಕಾಗಿ ‘ಇಂಟ್ಲ್ ಸೆಗ್ಮೆಂಟರ್’ ಎಂಬ ಸಲಕರಣೆ ಇದೆ. ಅದು ಗುಣಿತವನ್ನು ಒಡೆಯುವುದಿಲ್ಲ, ಸೊನ್ನೆಯನ್ನು ಬಿಡಿಸುವುದಿಲ್ಲ. ಆದರೆ ಒತ್ತಕ್ಷರದ ಮುಂದೆ ಮುಗ್ಗರಿಸುತ್ತದೆ. ‘ಕನ್ನಡ’ ಎಂಬುದನ್ನು ಒಪ್ಪಿಸಿದರೆ ಕ, ನ್, ನ, ಡ ಎಂದು ನಾಲ್ಕು ತುಂಡು ಮಾಡಿ ಕೊಡುತ್ತದೆ! ೨೦೨೩ರ ಯೂನಿಕೋಡ್ ೧೫.೧ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದಂತೆ ನಿಯಮ ಮಾಡಿದಾಗ ದೇವನಾಗರಿ, ತೆಲುಗು, ಮಲಯಾಳ ಮೊದಲಾದ ಲಿಪಿಗಳು ಸೇರಿದುವು. ಕನ್ನಡ ಆ ಸಾಲಿನಲ್ಲಿರಲಿಲ್ಲ. ತೆಲುಗಿನೊಡನೆ ನಮ್ಮ ಲಿಪಿಗಿರುವ ನಂಟನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರುವುದು ಸಹಜ.

ಕೊರತೆಯನ್ನು ನಾವೇ ತುಂಬಿಕೊಳ್ಳಬಹುದು, ಮೂರು ನಾಲ್ಕು ಸಾಲಿನ ಕೆಲಸ. ತುಂಡುಗಳನ್ನು ಒಂದೊಂದಾಗಿ ನೋಡುತ್ತ ಹೋಗಬೇಕು. ಒಂದು ತುಂಡಿನ ಕೊನೆಯ ಸಂಖ್ಯೆ ಹಲಂತ ಚಿಹ್ನೆಯಾದ ೩೨೭೭ ಆಗಿದ್ದು, ಮುಂದಿನ ತುಂಡು ವ್ಯಂಜನದಿಂದ, ಎಂದರೆ ೩೨೨೧ರಿಂದ ೩೨೫೭ರೊಳಗಿನ ಸಂಖ್ಯೆಯಿಂದ ಆರಂಭವಾದರೆ, ಎರಡನ್ನೂ ಕೂಡಿಸಬೇಕು. ಇಲ್ಲವಾದರೆ ಬೇರೆಯಾಗಿಯೇ ಬಿಡಬೇಕು. ಇಷ್ಟೇ. ಸಂಯುಕ್ತಾಕ್ಷರದ ಲಕ್ಷಣವನ್ನು ಪಾಠ ಹೇಳುವಾಗ ನಾವು ಹೇಳುವ ಮಾತೂ ಇದೇ: ಸ್ವರವಿಲ್ಲದ ವ್ಯಂಜನ ಮುಂದಿನ ವ್ಯಂಜನವನ್ನು ಕೂಡುತ್ತದೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆದಲ್ಲಿ ಜಕಾರಕ್ಕೂ ಕಕಾರಕ್ಕೂ ನಡುವೆ ೮೨೦೪ ಎಂಬ ಕಾಣದ ಚಿಹ್ನೆ ಇರುವುದರಿಂದ ಅಲ್ಲಿ ಈ ನಿಯಮ ತಾನಾಗಿಯೇ ಸುಮ್ಮನಾಗುತ್ತದೆ.

ಹುಡುಕಾಟದ ತೊಡಕು ಇದಕ್ಕಿಂತ ಸೂಕ್ಷ್ಮ. ಹೆಸರು ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಕ್ಕುವುದಿಲ್ಲ. ‘ಮೋಹನ’ ಎಂಬಲ್ಲಿ ಓತ್ವದ ದೀರ್ಘವನ್ನು ೩೨೭೫ ಎಂಬ ಒಂದೇ ಸಂಖ್ಯೆಯಿಂದ ಬರೆಯಬಹುದು. ಏತ್ವ, ಕೊಂಬಿನ ದೀರ್ಘ, ದೀರ್ಘದ ಚಿಹ್ನೆ ಎಂದು ಮೂರು ಸಂಖ್ಯೆಗಳಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಪಟ್ಟಿಗೆ ಸೇರಿಸುವಾಗಲೂ ಹುಡುಕುವಾಗಲೂ ‘ನಾರ್ಮಲೈಸ್’ ಎಂಬ ಆಜ್ಞೆಯನ್ನು ‘ಎನ್‌ಎಫ್‌ಸಿ’ ಎಂಬ ಸೂಚನೆಯೊಡನೆ ಕೊಟ್ಟರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಅರ್ಕಾವತ್ತು ಬಿಟ್ಟು ರಕಾರವನ್ನು ಪೂರ್ತಿಯಾಗಿ ಬರೆದು ಕೆಳಗೆ ಒತ್ತು ಕೊಡುವವರ ‘ಸೂರ್ಯ’ದಲ್ಲಿ ೮೨೦೫ ಎಂಬ ಇನ್ನೊಂದು ಕಾಣದ ಚಿಹ್ನೆ ಇರುತ್ತದೆ. ಅದನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಹುಡುಕುವ ಮಟ್ಟಿಗೆ ೮೨೦೪, ೮೨೦೫ ಎರಡನ್ನೂ ತೆಗೆದುಹಾಕಿ ಹೋಲಿಸಬೇಕು. ಮೂಲವನ್ನು ಮಾತ್ರ ಬರೆದವರು ಬರೆದಂತೆಯೇ ಉಳಿಸಬೇಕು.

ಅಕಾರಾದಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಯೂನಿಕೋಡಿನಲ್ಲಿ ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚು ಹಾಕಿದುದರಿಂದ ಳಕಾರ ೩೨೫೧ರಲ್ಲಿ, ಲಕಾರದ ಪಕ್ಕದಲ್ಲೇ ಕುಳಿತಿದೆ. ಬರಿಯ ಸಂಖ್ಯೆಯಿಂದ ಜೋಡಿಸಿದರೆ ‘ಕಳೆ’ ಮೊದಲು, ‘ಕವಿ’ ‘ಕಹಿ’ ಆಮೇಲೆ. ನಿಘಂಟು ನೋಡಿ ಬಲ್ಲವರಿಗೆ ಇದು ತಪ್ಪೆಂದು ಹೇಳಬೇಕಾಗಿಲ್ಲ. ‘ಇಂಟ್ಲ್ ಕೊಲೇಟರ್’ಗೆ ‘ಕೆ ಎನ್’ ಎಂದು ತಿಳಿಸಿ ಜೋಡಿಸಿದರೆ ಳಕಾರ ಹಕಾರದ ಅನಂತರ ತನ್ನ ಸ್ಥಾನಕ್ಕೆ ಹೋಗುತ್ತದೆ. ಹಳಗನ್ನಡದ ೞಕಾರಕ್ಕೆ ೩೨೯೪ರಲ್ಲಿ ಮನೆ ಸಿಕ್ಕಿದೆ, ಸಂತೋಷ. ಆದರೆ ಪಟ್ಟಿಯಲ್ಲಿ ಅದಕ್ಕೆ ‘ಫ’ ಎಂದು ತಪ್ಪು ನಾಮಕರಣವಾಗಿಹೋಗಿದೆ! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಾದ್ದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಸೇರಿಸಿದ್ದಾರೆ.

ಕಣ್ಣಿಗೆ ಕಾಣುವ ಅಂದದ ಬಗ್ಗೆ ಒಂದೇ ಮಾತು. ‘ರಾಷ್ಟ್ರ’, ‘ಸ್ತ್ರೀ’ ಎಂಬಲ್ಲಿ ಒತ್ತಿನ ಕೆಳಗೆ ಒತ್ತು ಇಳಿಯುತ್ತದೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನಲ್ಲಿ ಅದರ ಕಾಲು ಕತ್ತರಿಸಿಹೋಗುತ್ತದೆ. ‘ಲೈನ್ ಹೈಟ್’ ಅನ್ನು ೧.೬ರ ಸುಮಾರಿಗೆ ಇಟ್ಟು, ಪೆಟ್ಟಿಗೆಗಳಿಗೆ ಬಿಗಿಯಾದ ಎತ್ತರ ಹಾಕದಿದ್ದರೆ ಸಾಕು.

ಸಂಘಕ್ಕೋ ಅಂಗಡಿಗೋ ಜಾಲಪುಟ ಮಾಡಿಸುತ್ತಿರುವವರು ಹಣ ಕೊಡುವ ಮುನ್ನ ಶ್ರೀನಿವಾಸಮೂರ್ತಿ, ರಾಜ್‌ಕುಮಾರ್, ಮೋಹನ, ರಾಷ್ಟ್ರ ಎಂಬ ನಾಲ್ಕು ಪದಗಳನ್ನು ತುಂಬಿಸಿ, ಉಳಿಸಿ, ಹುಡುಕಿ, ಅಚ್ಚು ತೆಗೆಸಿ ನೋಡಬಹುದು. ಐದು ನಿಮಿಷದ ಕೆಲಸ.